ಹರಿವೆ ಬೀಜ ಸೋರದ ಹಾಗೆ ಒಂದು ಕಾಗದದ ಕವರ್ ಮಾಡಿದ್ದು

ಕಳೆದ ವರ್ಷ ನೆಂಟರಿಷ್ಟರಿಗೆ ಹಂಚಿದ ತರಕಾರಿ ಬೀಜದಲ್ಲಿ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಮುಳ್ಳುಸೌತೆಗೆ ಬೂಷ್ಟು ಬಂದಿತ್ತು, ಬೆಂಡೆ ಒಳಗೊಳಗೇ ಕಪ್ಪಾಗಿತ್ತು. ಕೊಟ್ಟದ್ದು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರಲ್ಲಿ, ನೋಡ್ಲಿಕ್ಕೆ ಚಂದ, ಒಳಗೆ ಇದ್ದದ್ದು ಹೊರಗಿಂದಲೇ ಕಾಣ್ತದೆ, ಆದ್ರೆ ಬೀಜದಲ್ಲಿ ಒಂಚೂರು ಪಸೆ ಉಳಿದಿದ್ರೂ ಅದಕ್ಕೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಅಲ್ಲೇ ಬೆವರಿ ಅಲ್ಲೇ ಕೊಳೀತದೆ. ಅಮ್ಮ ಆಗಲೇ ಹೇಳಿದ್ರು, "ಅಜ್ಜಿ ಕಾಗದದಲ್ಲಿ ಕಟ್ಟಿಡ್ತಿದ್ರು, ಇಲ್ಲದಿದ್ರೆ ಬೂದಿ ಹಚ್ಚಿ ಗೋಡೆಗೆ ಅಂಟಿಸ್ತಿದ್ರು, ನಿನಗೆ ಪ್ಲಾಸ್ಟಿಕ್ ಎಂತಕ್ಕೆ" ಅಂತ. ಹಾಗಾಗಿ ಈ ಸಲ ವಿಷು ಮುಗಿದ ವಾರವೇ ಕೂತೆ, ಕಾಗದದ ಕವರ್ ನಾನೇ ಮಾಡುದು ಅಂತ. ಪತ್ತನಾಜೆಯೊಳಗೆ ಮುಗಿಸ್ಬೇಕಿತ್ತು. ಪತ್ತನಾಜೆ ಅಂದ್ರೆ ತುಳುವಿನ ಬೇಶ ತಿಂಗಳ ಹತ್ತು, ಮೇ 24ರ ಆಸುಪಾಸು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಕಡೆ ಎಲ್ಲ ಯಕ್ಷಗಾನ ಮೇಳದವ್ರು ಆ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆಗಾಲದ ತರಕಾರಿಯ ತಯಾರಿ ಶುರುವಾಗ್ತದೆ, ಆಮೇಲೆ ಬೀಜ ಕೊಟ್ರೆ ಯಾರಿಗೂ ಪ್ರಯೋಜನ ಇಲ್ಲ.

ಮೊದಲು ಮಾಡಿದ ಕೆಲಸ ಅಂದ್ರೆ ಮನೆಯಲ್ಲಿದ್ದ ಹಳೇ ಕವರೆಲ್ಲ ಗುಡ್ಡೆ ಹಾಕಿ ಒಂದೊಂದನ್ನೇ ಬಿಚ್ಚಿದ್ದು. ಇಡ್ಲಿ ಪಾತ್ರೆಯ ಹಬೆಗೆ ಹಿಡಿದ್ರೆ ಹಿಟ್ಟಿನ ಅಂಟು ಇದ್ದದ್ದೆಲ್ಲ ಎರಡು ನಿಮಿಷದಲ್ಲಿ ಬಿಡ್ತದೆ, ಕೆಲವು ಬಿಡದೆ ಹರಿದೇ ಹೋದವು. ಕವರ್ ಮಾಡ್ಬೇಕು ಅಂತ ಇರುವವ್ರು ಇದನ್ನು ಒಂದ್ಸಲ ಮಾಡ್ಲೇಬೇಕು, ಎಷ್ಟು ವರ್ಷದಿಂದ ಕೈಯಲ್ಲಿ ಹಿಡಿದ ವಸ್ತು, ಬಿಚ್ಚಿ ಹರಡಿದಾಗ ಮಾತ್ರ ಅದರ ಲೆಕ್ಕ ಕಾಣುದು. ಮದುವೆ ಕಾಗದದ ಕವರ್ ಬಿಚ್ಚಿದ್ರೆ ವಜ್ರದ ಆಕಾರ, ನಾಲ್ಕು ಮೂಲೆ ಮಧ್ಯಕ್ಕೆ ಬಂದು ಸೇರುದು, ಓರೆ ಜೋಡಣೆ. ಅಂಗಡಿಯಲ್ಲಿ ಒಂಬತ್ತು-ನಾಲ್ಕು ಅಂತ ಕೇಳಿ ತರ್ತೇವಲ್ಲ ಆ ಬಿಳಿ ಉದ್ದ ಕವರ್, 9 ಇಂಚು 4 ಇಂಚು, ಎ4 ಹಾಳೆ ಮೂರು ಮಡಿಕೆ ಮಾಡಿದ್ರೆ ಸರಿಯಾಗಿ ಕೂರುದು. ಹೊರದೇಶದ ಅಳತೆಯಲ್ಲಿ ಅದಕ್ಕೆ ಹತ್ತಿರದ್ದು ಡಿಎಲ್, 110 ಮಿಲಿಮೀಟರ್ 220. ಎ4 ಮಡಚದೆ ಹೋಗ್ಬೇಕಾದ್ರೆ ಸಿ4, ಒಂದು ಮಡಿಕೆಗೆ ಸಿ5, ಎರಡು ಮಡಿಕೆಗೆ ಸಿ6. ಕರೆಂಟ್ ಬಿಲ್ಲು, ಬ್ಯಾಂಕಿನದ್ದೆಲ್ಲ ಬರುವ ಕಿಟಕಿ ಕವರ್ ಉಂಟಲ್ಲ, ಒಳಗಿನ ಕಾಗದದ ವಿಳಾಸವೇ ಹೊರಗೆ ಕಾಣುವ ಹಾಗೆ, ಅದಕ್ಕೆ ಶಿಕಾಗೋದ ಅಮೆರಿಕಸ್ ಕ್ಯಾಲಹನ್ ಎಂಬವ 1902ರಲ್ಲಿ ಪೇಟೆಂಟ್ ತೆಗೊಂಡದ್ದು. ಗೊಬ್ಬರದ ಗುಂಡಿಗೆ ಹಾಕುವವ್ರು ಆ ಕಿಟಕಿಯ ಪ್ಲಾಸ್ಟಿಕ್ ಕಿತ್ತು ಹಾಕಿ ದಯವಿಟ್ಟು.

ಕಪಾಟಿನ ಅಡಿಯಲ್ಲಿ ಒಂದು ಬಟ್ಟೆ ಕವರ್ ಸಿಕ್ಕಿತು, ಅದರೊಳಗೆ ಜಾಗದ ಆಧಾರ. ಪರೀಕ್ಷೆಯ ಉತ್ತರ ಪತ್ರಿಕೆ ಕಟ್ಟಿ ಕಳಿಸ್ತಾರಲ್ಲ ಅದೇ ಜಾತಿ, ಕಾಗದದ ಒಳಗಡೆ ತೆಳು ಬಟ್ಟೆ ಅಂಟಿಸಿರ್ತಾರೆ, ಎಳೆದ್ರೂ ಹರಿಯುದಿಲ್ಲ. ಅದನ್ನು ಬಿಚ್ಚಲಿಲ್ಲ, ಹಾಗೇ ಇಟ್ಟೆ. ಮುಯ್ಯಿ ಹಾಕುವ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರೂ ನಾಲ್ಕಾರು ಇತ್ತು. ಇನ್‌ಲ್ಯಾಂಡ್ ಲೆಟರ್ ಒಂದು ಹಳೇದು, ನೀಲಿ, ಅದಕ್ಕೆ ಕವರೇ ಬೇಡ, ಬರೆದ ಹಾಳೆಯೇ ಮಡಚಿ ಅಂಟಿಸಿದ್ರೆ ಕವರ್. ಮೊದಲು ಎಲ್ಲ ಕಡೆ ಹಾಗೇ ಅಂತೆ, ಇಂಗ್ಲೆಂಡಲ್ಲಿ 1840ರ ಮೊದಲು ಅಂಚೆ ದರ ಹಾಳೆ ಲೆಕ್ಕದಲ್ಲಿ ಇತ್ತು, ಕವರ್ ಹಾಕಿದ್ರೆ ಅದೂ ಒಂದು ಹಾಳೆ ಅಂತ ಡಬಲ್ ದುಡ್ಡು, ಹಾಗಾಗಿ ಜನ ಕಾಗದವನ್ನೇ ಮಡಚಿ ಅರಗು ಹಾಕ್ತಿದ್ರು. ತೂಕದ ಲೆಕ್ಕ ಬಂದ ಮೇಲೆಯೇ ಕವರಿಗೆ ಬೇಡಿಕೆ ಬಂದದ್ದು, 1845ರಲ್ಲಿ ಎಡ್ವಿನ್ ಹಿಲ್ ಮತ್ತು ವಾರೆನ್ ಡಿ ಲಾ ರ್ಯೂ ಸೇರಿ ಕವರ್ ಮಡಚುವ ಯಂತ್ರಕ್ಕೇ ಪೇಟೆಂಟ್ ತೆಗೊಂಡ್ರು.

ಸರಿ, ನನ್ನ ಕವರಿಗೆ ಬರ್ತೇನೆ. ಮೊದಲ ಪ್ರಯತ್ನ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ. ಅದು ಆಗ್ಲಿಲ್ಲ, ನುಣುಪು ಕಾಗದ, ಮಡಚಿದ ಗೆರೆಯಲ್ಲಿ ಬಣ್ಣ ಒಡೆದು ಬಿಳಿ ಕಾಣ್ತದೆ, ಅಂಟು ಹೀರಿಕೊಳ್ಳುದಿಲ್ಲ, ಒಣಗಿದ ಮೇಲೆ ಉಗುರು ಹಾಕಿದ್ರೆ ಚಕ್ಕೆ ಚಕ್ಕೆಯಾಗಿ ಏಳ್ತದೆ. ಅದನ್ನು ಬಿಟ್ಟು ಸಾಮಾನ್ಯ ಝೆರಾಕ್ಸ್ ಹಾಳೆ ತೆಗೊಂಡೆ, ಎ4, 80 ಜಿಎಸ್‌ಎಂ, ಅಂದ್ರೆ ಒಂದು ಚದರ ಮೀಟರ್ ಕಾಗದಕ್ಕೆ 80 ಗ್ರಾಂ ತೂಕ. ಒಂದು ಹಾಳೆಯನ್ನು ನಾಲ್ಕು ಮಾಡಿದ್ರೆ 148 ಮಿ.ಮೀ. 105 ಮಿ.ಮೀ. ತುಂಡು. ಅಗಲದಲ್ಲಿ ಮುಂದಿನ ಭಾಗ 68, ಹಿಂದಿನದ್ದು 68, ಅಂಟಿಸ್ಲಿಕ್ಕೆ 12. ಎತ್ತರದಲ್ಲಿ ಕೆಳಗೆ ಮಡಚ್ಲಿಕ್ಕೆ 15, ಹೊಟ್ಟೆ 70, ಮೇಲೆ ಮುಚ್ಚಳ 20. ಒಂದು ಚೂರೂ ಕಾಗದ ವೇಸ್ಟ್ ಇಲ್ಲ ಅಂತ ಭಾರೀ ಖುಷಿಯಾಯ್ತು. ಕೊಳವೆ ತರ ಮಡಚಿ ಬದಿ ಅಂಟಿಸಿ, ಕೆಳಗಿನ 15 ಮಿ.ಮೀ. ಹಿಂದಕ್ಕೆ ಮಡಚಿ ಅಂಟಿಸಿ, ಇಪ್ಪತ್ತು ಕವರ್ ಒಂದು ಸಂಜೆಯಲ್ಲಿ ಆಯ್ತು. ಪೂಜೆಗೆ ಬಂದಿದ್ದ ಚಿಕ್ಕಮ್ಮನಿಗೆ ಅದ್ರಲ್ಲಿ ಐದು ಕೊಟ್ಟೆ, ಹೀರೆ, ಪಡುವಲ, ಅಲಸಂಡೆ, ಬೆಂಡೆ, ಕೆಂಪು ಹರಿವೆ.

ರಾತ್ರಿ ಫೋನ್ ಬಂತು. "ಬ್ಯಾಗಿನೊಳಗೆ ಪೂರಾ ಹರಿವೆ ಬಿತ್ತು ಮಾರಾಯ, ಕನ್ನಡಕದ ಪೆಟ್ಟಿಗೆಯಲ್ಲೂ ಉಂಟು."

ಹರಿವೆ ಬೀಜ ನೋಡಿದವ್ರಿಗೆ ಗೊತ್ತು, ಒಂದು ಮಿ.ಮೀ. ಆಸುಪಾಸು, ದುಂಡಗೆ, ನುಣ್ಣಗೆ, ಪಾಲಿಶ್ ಹಾಕಿದ ಹಾಗೆ, ನೀರಿನ ಹಾಗೇ ಹರೀತದೆ. ಬೇರೆ ನಾಲ್ಕು ಕವರ್ ಎಂತ ಆಗ್ಲಿಲ್ಲ. ಆಗಲೇ ನಿರ್ಧಾರ ಮಾಡಿದೆ, ಇನ್ನು ಮುಂದೆ ಎಂತ ಡಿಸೈನ್ ಮಾಡಿದ್ರೂ ಪರೀಕ್ಷೆ ಹರಿವೆಯದ್ದೇ, ಒಂದು ಚಮಚ ಹಾಕಿ ಬಿಳಿ ಬಟ್ಟೆಯ ಮೇಲೆ ನೂರು ಸಲ ಕುಲುಕಿಸುದು, ಒಂದು ಕಾಳು ಬಿದ್ರೂ ಫೇಲ್.

ಉಳಿದ ಹದಿನೈದನ್ನು ಹಾಗೆ ಕುಲುಕಿಸಿ ನೋಡುವಾಗ ಸೋರುವ ಜಾಗ ಎರಡು ಅಂತ ಗೊತ್ತಾಯ್ತು. ಒಂದು, ಬದಿಯ ಅಂಟಿನ ಗೆರೆ. ಅದು ನೇರ ನಿಂತಿರ್ಲಿಲ್ಲ, ಸಣ್ಣ ಸಣ್ಣ ಅಲೆ ಅಲೆಯಾಗಿ ಎದ್ದಿತ್ತು, ಆ ಅಲೆಯ ಸಂದಿಯಲ್ಲಿ ಕಾಳು ನುಗ್ತದೆ. ಅಂಟು ಕಡಿಮೆ ಆಯ್ತೇನೋ ಅಂತ ಜಾಸ್ತಿ ಹಚ್ಚಿದೆ, ಅಲೆ ಇನ್ನೂ ಜಾಸ್ತಿಯಾಯ್ತು. ಆವಾಗ ನೆನಪಾದದ್ದು ಕಾಗದದ ನಾರು. ಮಿಲ್ಲಲ್ಲಿ ಕಾಗದ ಮಾಡುವಾಗ ನಾರೆಲ್ಲ ಯಂತ್ರ ಓಡುವ ದಿಕ್ಕಿಗೆ ಮಲಗ್ತದೆ, ಮರದ ಹಲಗೆಗೆ ನಾರಿನ ದಿಕ್ಕು ಇದ್ದ ಹಾಗೇ. ನೀರು ಕುಡಿದಾಗ ನಾರು ದಪ್ಪ ಆಗುದು ಹೆಚ್ಚು, ಉದ್ದ ಆಗುದು ಬಹಳ ಕಡಿಮೆ, ಅಂದ್ರೆ ಕಾಗದ ಹಿಗ್ಗುದು ನಾರಿಗೆ ಅಡ್ಡವಾಗಿ. ನನ್ನ ಅಂಟಿನ ಪಟ್ಟಿ ನಾರಿಗೆ ಅಡ್ಡ ಇತ್ತು, ಹಾಗಾಗಿ ಒದ್ದೆಯಾದ ಪಟ್ಟಿ ಉದ್ದುದ್ದಕ್ಕೆ ಹಿಗ್ಗಿತು, ಪಕ್ಕದ ಒಣ ಕಾಗದ ಹಿಗ್ಗಲಿಲ್ಲ, ಹೆಚ್ಚಾದ ಉದ್ದ ಹೋಗುದೆಲ್ಲಿಗೆ, ಅಲೆಯಾಗಿ ಏಳ್ತದೆ. ಪಟ್ಟಿ ನಾರಿನ ದಿಕ್ಕಿಗೇ ಇದ್ರೆ ಅದು ಅಗಲಕ್ಕೆ ಒಂಚೂರು ಹಿಗ್ತದೆ ಅಷ್ಟೇ, ತೊಂದ್ರೆ ಇಲ್ಲ. ಪುಸ್ತಕ ಬೈಂಡ್ ಮಾಡುವವ್ರು ನಾರು ಯಾವಾಗಲೂ ಬೆನ್ನಿಗೆ ಸಮ ಬರುವ ಹಾಗೆ ಇಡುದು ಇದೇ ಕಾರಣಕ್ಕೆ.

ನಾರಿನ ದಿಕ್ಕು ಕಂಡುಹಿಡೀಲಿಕ್ಕೆ ಸುಲಭ. ಒಂದು ಚೌಕ ತುಂಡು ಕತ್ತರಿಸಿ ಒಂದೇ ಬದಿಗೆ ನೀರು ಸವರಿ, ಅದು ಸುರುಳಿ ಸುತ್ತಿಕೊಳ್ತದೆ, ಸುರುಳಿಯ ಕೊಳವೆ ಯಾವ ದಿಕ್ಕಿಗೆ ಉಂಟೋ ಅದೇ ನಾರಿನ ದಿಕ್ಕು. ಹರಿದ್ರೂ ಗೊತ್ತಾಗ್ತದೆ, ನಾರಿನ ದಿಕ್ಕಿಗೆ ನೇರ ಹರೀತದೆ, ಅಡ್ಡ ಹರಿದ್ರೆ ಎಲ್ಲೆಲ್ಲಿಗೋ ಹೋಗ್ತದೆ. ನನ್ನ ಝೆರಾಕ್ಸ್ ಹಾಳೆಯಲ್ಲಿ ನಾರು ಉದ್ದುದ್ದಕ್ಕೆ ಇತ್ತು, ನಾಲ್ಕು ತುಂಡು ಮಾಡಿದಾಗ ಅದು ನನಗೆ ಬೇಡದ ದಿಕ್ಕಿಗೇ ಬಂತು.

ಎರಡನೇ ಸೋರುವ ಜಾಗ ಕೆಳಗಿನ ಮೂಲೆ. ಇದಕ್ಕೆ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಕೊಳವೆಯ ಎರಡೂ ಪದರ ಒಟ್ಟಿಗೆ ಮಡಚಿದ್ರೆ, ಆ ಮಡಚಿದ 15 ಮಿ.ಮೀ. ಒಳಗೆ ಎರಡು ಪದರಕ್ಕೆ ಮಧ್ಯೆ ಅಂಟು ಇಲ್ಲ, ಹಿಂದಿನ ಪದರ ಮಾತ್ರ ಕವರಿನ ಬೆನ್ನಿಗೆ ಅಂಟಿರುದು. ಹರಿವೆ ಕಾಳು ಮಡಿಕೆ ದಾಟಿ ಆ ಮಧ್ಯಕ್ಕೆ ಬಂದು, ಅಲ್ಲಿಂದ ತೆರೆದ ಬಾಯಲ್ಲಿ ಹೊರಗೆ. ಇದಕ್ಕೆ ಉತ್ತರ ಸಿಕ್ಕಿದ್ದು ಅಮ್ಮನ ಬಿಪಿ ಮಾತ್ರೆಯ ಕವರಲ್ಲಿ. ಮೆಡಿಕಲಲ್ಲಿ ಮಾತ್ರೆ ಹಾಕಿ ಕೊಡ್ತಾರಲ್ಲ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅಂತ ಬರೆದ ಪುಟ್ಟ ಕಾಗದದ ಚೀಲ. ಮೇಜಿನ ಮೇಲೆ ಅದು ದಿನಾ ಕಣ್ಣೆದುರೇ ಇತ್ತು. ಹಬೆಗೆ ಹಿಡಿದು ಬಿಚ್ಚಿದೆ, ಒಂದು ಪದರ ಗಿಡ್ಡ, ಇನ್ನೊಂದು ಪದರ ಉದ್ದ. ಉದ್ದ ಇರುವ ಒಂದೇ ಪದರ ಮಡಚಿ ಬಂದು ಗಿಡ್ಡದರ ಮೇಲೆ ಕೂತು ಬಾಯಿ ಪೂರ್ತಿ ಮುಚ್ತದೆ, ಮಧ್ಯೆ ದಾರಿಯೇ ಉಳಿಯುದಿಲ್ಲ. ಎಷ್ಟು ಸಾದಾ ಉಪಾಯ, ಆದ್ರೆ ಎಷ್ಟು ಜಾಣ ಉಪಾಯ. ಅದನ್ನು ಮೊದಲು ಯೋಚನೆ ಮಾಡಿದವ್ರ ಮೇಲೆ ನನಗೆ ನಿಜವಾಗ್ಲೂ ಗೌರವ ಬಂತು.

ಹಾಗೆ ಮಾಡಿದ್ರೂ ತೀರಾ ತುದಿ ಮೂಲೆಯಲ್ಲಿ ಸೂಜಿ ಮೊನೆಯಷ್ಟು ಒಂದು ತೂತು ಉಳೀತಿತ್ತು, ನೂರು ಸಲ ಕುಲುಕಿಸಿದಾಗ ಎರಡು ಮೂರು ಕಾಳು. ಕಾರಣ, ಹಿಂದಿನ ಪದರವನ್ನು ನಾನು ಸರಿಯಾಗಿ ಮಡಿಕೆಯ ಗೆರೆಗೇ ಕತ್ತರಿಸ್ತಿದ್ದೆ. ಗೆರೆಗಿಂತ 1 ಮಿ.ಮೀ. ಕೆಳಗೆ ಕತ್ತರಿಸಿದೆ, ಆ ಒಂದು ಮಿಲಿಮೀಟರ್ ಅಂಚೂ ಮುಂದಿನ ಪದರದ ಜೊತೆಗೇ ಮಡಚಿ ಹೋಗಿ ಮೂಲೆ ಬಿಗಿಯಾಯ್ತು. ನೂರು ಅಲ್ಲ, ಇನ್ನೂರು ಸಲ ಕುಲುಕಿಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು. ಅಮ್ಮನನ್ನು ಕರೆದು ತೋರಿಸಿದೆ.

ಕಾಗದ ಬದಲಿಸ್ಬೇಕು ಅಂತ ಕಾಸರಗೋಡು ಪೇಟೆಗೆ ಹೋದೆ. ಕ್ರಾಫ್ಟ್ ಪೇಪರ್ ಅಂತ ಕೇಳಿದ್ದಕ್ಕೆ ಅಂಗಡಿಯವ್ರು "ಬ್ರೌನ್ ಪೇಪರ್ ಅಲ್ಲೇ?" ಅಂತ 23 ಇಂಚು 36 ಇಂಚಿನ ಹಾಳೆ ತೆಗೆದಿಟ್ರು, 80 ಜಿಎಸ್‌ಎಂ. ಜರ್ಮನ್ ಭಾಷೆಯಲ್ಲಿ ಕ್ರಾಫ್ಟ್ ಅಂದ್ರೆ ಶಕ್ತಿ ಅಂತ, ಉದ್ದ ನಾರು ಉಳಿಯುವ ಹಾಗೆ ಬೇಯಿಸಿ ಮಾಡುದ್ರಿಂದ ಅದೇ ತೂಕದ ಬಿಳಿ ಕಾಗದಕ್ಕಿಂತ ಗಟ್ಟಿ. ಒಂದು ಮೂಲೆ ಹರಿದು ನೋಡಿದೆ, ನಾರು 36 ಇಂಚಿನ ದಿಕ್ಕಿಗೆ. ಈಗ ಲೆಕ್ಕ ಹಾಕ್ಲಿಕ್ಕೆ ಕೂತೆ. ಮೊದಲಿನ ಅಳತೆಯಲ್ಲಿ ನಾರು ಸರಿ ಬರುವ ಹಾಗೆ ಇಟ್ರೆ ಹಾಳೆಗೆ 24 ಕವರ್, ತಪ್ಪು ದಿಕ್ಕಿಗೆ ಇಟ್ರೆ 30. ಆರು ಕವರ್ ನಷ್ಟ ಅಂತ ಬೇಜಾರಾಯ್ತು, ಆದ್ರೆ ಅಗಲ 148 ಇದ್ದದ್ದನ್ನು 145 ಮಾಡಿದ್ರೆ 23 ಇಂಚಲ್ಲಿ ಮೂರರ ಬದಲು ನಾಲ್ಕು ಕೂರ್ತದೆ! ಬರೀ ಮೂರು ಮಿಲಿಮೀಟರ್. ಎತ್ತರದಲ್ಲಿ 114 ಸಿಗ್ತದೆ, ಎಂಟು ಸಾಲು. ಹಾಳೆಗೆ 32.

ಕೊನೆಗೆ ನಿಂತ ಅಳತೆ ಹೀಗೆ, ಬೇಕಾದವ್ರು ಬರ್ಕೊಳ್ಳಿ. ತುಂಡು 145 ಅಗಲ, 114 ಎತ್ತರ, ನಾರು ಎತ್ತರದ ದಿಕ್ಕಿಗೆ. ಎಡದಿಂದ ಅಂಟಿನ ಪಟ್ಟಿ 12, ಮುಂದಿನ ಭಾಗ 67, ಹಿಂದಿನ ಭಾಗ 66. ಹಿಂದಿನದ್ದು ಒಂದು ಮಿ.ಮೀ. ಕಡಿಮೆ ಯಾಕಂದ್ರೆ ಸಮ ಇದ್ರೆ ಮಡಚುವಾಗ ಅಂಚು ಹೊರಗೆ ಇಣುಕ್ತದೆ. ಕೆಳಗಿನ 15 ಮಿ.ಮೀ. ಮುಂದಿನ ಭಾಗಕ್ಕೆ ಮಾತ್ರ ಉಳಿಸಿ ಬಾಕಿದ್ದು ಕತ್ತರಿಸುದು, ಆ ಒಂದು ಮಿಲಿಮೀಟರ್ ಬಿಡ್ಲಿಕ್ಕೆ ಮರೀಬಾರ್ದು. ಮೇಲಿನ 24 ಮಿ.ಮೀ. ಮುಚ್ಚಳ, ಅದೂ ಮುಂದಿನ ಭಾಗಕ್ಕೆ ಮಾತ್ರ, ಎರಡು ಬದಿ ಒಂಚೂರು ಓರೆ ಕತ್ತರಿಸಿದ್ರೆ ಒಳಗೆ ತುರುಕ್ಲಿಕ್ಕೆ ಸುಲಭ. ಈ ಆಕಾರವನ್ನು ಹಳೇ ಎಕ್ಸ್‌ರೇ ಫಿಲಂ ಮೇಲೆ ಕೊರೆದು ಅಚ್ಚು ಮಾಡ್ಕೊಂಡೆ, ಕಾಗದದ ಅಚ್ಚು ಹತ್ತು ಸಲ ಗೆರೆ ಎಳೆಯುವಾಗ ಅಂಚು ತಿಂದು ಹೋಗ್ತದೆ, ಫಿಲಂ ಹೋಗುದಿಲ್ಲ. ಮಡಿಕೆಯ ಗೆರೆ ಇಂಕು ಮುಗಿದ ಬಾಲ್ ಪೆನ್ನಲ್ಲಿ ಸ್ಕೇಲ್ ಹಿಡಿದು ಒತ್ತಿ ಎಳೆಯುದು, ಆಮೇಲೆ ನುಣ್ಣಗೆ ಉಜ್ಜಿದ ಬಿದಿರಿನ ಸೀಳಲ್ಲಿ ತಿಕ್ಕುದು.

ಅಂಟಿನ ವಿಷಯ ಬೇರೆಯೇ ದೊಡ್ಡದು. ಚಿಕ್ಕಂದಿನಲ್ಲಿ ಅನ್ನದ ಅಗುಳು ಹಿಸುಕಿ ಕವರ್ ಅಂಟಿಸಿದವ್ರೇ ನಾವೆಲ್ಲ, ಒಂದೆರಡಕ್ಕೆ ಅದು ಸಾಕು, ನೂರಕ್ಕೆ ಆಗುದಿಲ್ಲ, ಗಂಟು ನಿಲ್ತದೆ. ಗ್ಲೂ ಸ್ಟಿಕ್ ಕ್ರಾಫ್ಟ್ ಕಾಗದದಲ್ಲಿ ವಾರದೊಳಗೆ ಬಿಟ್ಟುಬಂತು. ಮೈದಾ ಅಂಟೇ ಸರಿ ಅಂತ ಕಂಡದ್ದು, ಒಂದು ಅಳತೆ ಮೈದಾಕ್ಕೆ ಆರು ಅಳತೆ ನೀರು, ಮೊದಲು ತಣ್ಣೀರಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಬೆಂಕಿಯಲ್ಲಿ ಕೈ ಬಿಡದೆ ತಿರುಗಿಸಿ, ಬಿಳಿ ಬಣ್ಣ ಹೋಗಿ ಗಂಜಿ ತೆಳಿಯ ಹಾಗೆ ಪಾರದರ್ಶಕ ಆದಾಗ ಇಳಿಸಿ, ಬಟ್ಟೆಯಲ್ಲಿ ಸೋಸುದು. ಅದಕ್ಕೆ ಚಿಟಿಕೆ ಮೈಲುತುತ್ತು ಹಾಕಿದ್ರೆ ಹುಳ ಬರುದಿಲ್ಲ, ಬೂಷ್ಟು ಬರುದಿಲ್ಲ, ಬೈಂಡಿಂಗಿನವ್ರು ಹಾಕ್ತಾರೆ. ಅಡಕೆಗೆ ಬೋರ್ಡೋ, ಅಂದ್ರೆ ಮೈಲುತುತ್ತು ಸುಣ್ಣ ಸೇರಿಸಿದ ದ್ರಾವಣ, ಹೊಡೆಯುವ ನಮ್ಮಲ್ಲಿ ಮೈಲುತುತ್ತಿಗೆ ಬರ ಇಲ್ಲ, ಕೊಟ್ಟಿಗೆಯ ಅಟ್ಟದಲ್ಲಿ ಡಬ್ಬಿಯೇ ಉಂಟು. ಆದ್ರೂ ನಾನು ಹಾಕ್ಲಿಲ್ಲ. ಅದು ವಿಷ, ಮಕ್ಕಳು ಕವರ್ ಬಾಯಿಗೆ ಇಟ್ಟರೆ ಕಷ್ಟ, ಮತ್ತೆ ಈ ಕವರ್ ಬಾಳಿಕೆ ಬರ್ಬೇಕಾದ್ದು ಒಂದು ವರ್ಷ ಅಷ್ಟೇ. ಹಾಕುವವ್ರು ಕಬ್ಬಿಣದ್ದೋ ಅಲ್ಯುಮಿನಿಯಂದೋ ಪಾತ್ರೆ ಉಪಯೋಗಿಸ್ಬೇಡಿ, ತುತ್ತು ಪಾತ್ರೆಯನ್ನೇ ತಿಂತದೆ.

ಗೇರು ಮರದ ಅಂಟೂ ಪರೀಕ್ಷೆ ಮಾಡಿದೆ. ತೊಗಟೆಯಲ್ಲಿ ಒಸರಿ ಗಟ್ಟಿಯಾದದ್ದನ್ನು ಕಿತ್ತು ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ಸೋಸಿದ್ರೆ ಜೇನು ಬಣ್ಣದ ಒಳ್ಳೇ ಗೋಂದು. ಇದನ್ನು ಮುಚ್ಚಳಕ್ಕೆ ಹಚ್ಚಿ ಒಣಗಿಸಿಟ್ಟೆ, ಬೇಕಾದಾಗ ನೀರು ಸವರಿ ಅಂಟಿಸ್ಬಹುದು, ಅಂಚೆ ಕವರಿನ ಹಾಗೇ. ಏಪ್ರಿಲಲ್ಲಿ ಬಹಳ ಚಂದ ಇತ್ತು. ಮೇ ಎರಡನೇ ವಾರ ಒಂದು ರಾತ್ರಿ ಜೋರು ಮಳೆ ಬಂತು, ಬೆಳಿಗ್ಗೆ ನೋಡುವಾಗ ಖಾಲಿ ಕವರೆಲ್ಲ ತಾನಾಗಿ ಅಂಟಿ ಮುಚ್ಚಿಹೋಗಿತ್ತು, ಒಂದಕ್ಕೊಂದು ಸೇರಿ ಒಂದೇ ಕಟ್ಟು. ನಮ್ಮ ಹವೆಯಲ್ಲಿ ಗೋಂದು ಹಚ್ಚಿದ ಮುಚ್ಚಳ ನಡೆಯುದಿಲ್ಲ, ಬೇರೆ ಒಣ ಊರಿನವ್ರಿಗೆ ಆದೀತು. ಹಾಗಾಗಿ ಮುಚ್ಚಳಕ್ಕೆ ಅಂಟೇ ಬೇಡ ಅಂತ ಒಳಗೆ ತುರುಕುವ ಮುಚ್ಚಳ ಮಾಡಿದ್ದು. ಮೊದಲೆಲ್ಲ ಮದುವೆ ಕಾಗದ ಬುಕ್ ಪೋಸ್ಟಲ್ಲಿ ಬರುವಾಗ ಕವರ್ ಅಂಟಿಸದೆ ಬರೀ ತುರುಕಿ ಕಳಿಸ್ತಿದ್ರಲ್ಲ, ಹಾಗೇ. ಹರಿವೆಗೆ ಮಾತ್ರ ತುಂಬಿಸಿದ ಮೇಲೆ ಒಂದು ಗೆರೆ ಮೈದಾ ಅಂಟು.

ನೂರಾರು ಕವರಿಗೆ ಒಂದೊಂದಾಗಿ ಅಂಟು ಹಚ್ಚುತ್ತಾ ಕೂತ್ರೆ ಮುಗಿಯುದಿಲ್ಲ. ಹತ್ತು ತುಂಡು ಒಟ್ಟಿಗೆ ಇಟ್ಟು ಇಸ್ಪೀಟಿನ ಎಲೆಯ ಹಾಗೆ ಜಾರಿಸಿ, ಪ್ರತಿಯೊಂದರ 12 ಮಿ.ಮೀ. ಅಂಚು ಮಾತ್ರ ಹೊರಗೆ ಕಾಣುವ ಹಾಗೆ ಮೆಟ್ಟಿಲು ಮಾಡಿ, ಒಂದೇ ಸಲ ಬ್ರಶ್ ಎಳೆದ್ರೆ ಹತ್ತಕ್ಕೂ ಅಂಟು. ಮೇಲಿನ ತುಂಡಿಗೆ ಒಂದು ವೇಸ್ಟ್ ಕಾಗದ ಅಡ್ಡ ಇಡ್ಬೇಕು. ಭಾವನೂ ಬಂದು ಕೂತ್ರು, ನಾನು ಅಂಟು, ಅವ್ರು ಮಡಚುದು, ಅಮ್ಮ ಕಡೆಯುವ ಕಲ್ಲಿನ ಗುಂಡು ಹೇರಿಟ್ಟು ಒತ್ತುದು. ನಾಲ್ಕು ಹಾಳೆಯಲ್ಲಿ 128 ತುಂಡು ಆಯ್ತು, ಹನ್ನೊಂದು ಹಾಳಾಯ್ತು, 117 ಕವರ್ ಕೈಗೆ ಬಂತು.

ಬರೆಯುದು ಪೆನ್ಸಿಲಲ್ಲಿ. ಜೆಲ್ ಪೆನ್ನಲ್ಲಿ ಬರೆದದ್ದು ಮಳೆಗಾಲದಲ್ಲಿ ಹರಡಿ ಹೀರೆ ಯಾವುದು ಸೋರೆ ಯಾವುದು ಗೊತ್ತಾಗುದಿಲ್ಲ. ತುಂಬಿಸುವ ಮೊದಲು ಅಕ್ಷರ ಬರೀಬೇಕು, ತುಂಬಿಸಿದ ಮೇಲೆ ಬೀಜದ ಉಬ್ಬಿನ ಮೇಲೆ ಬರೀಲಿಕ್ಕೆ ಆಗುದಿಲ್ಲ. ಬೀಜ ಒಣಗಿದ್ದು ಸಾಕಾ ಅಂತ ನೋಡ್ಲಿಕ್ಕೆ ಸೌತೆ ಬೀಜ ಬಗ್ಗಿಸಿ, ಬಗ್ಗಿದ್ರೆ ಇನ್ನೂ ಬಿಸಿಲು ಬೇಕು, ಟಕ್ಕಂತ ಮುರಿದ್ರೆ ಆಯ್ತು. ಇನ್ನೊಂದು ಮುಖ್ಯ ಮಾತು, ಕಾಗದ ಪಸೆಯನ್ನು ಹೊರಗೆ ಬಿಡುವ ಹಾಗೇ ಒಳಗೂ ಬಿಡ್ತದೆ. ಜೂನಲ್ಲಿ ಕವರನ್ನು ಹಾಗೇ ಕಪಾಟಲ್ಲಿ ಇಟ್ರೆ ಬೀಜ ಪುನಃ ಪಸೆ ಎಳ್ಕೊಳ್ತದೆ. ಈಗಲೇ ಬಿತ್ತದೆ ಉಳಿಸುದಾದ್ರೆ ಕವರುಗಳನ್ನು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಹಾಕಿ, ತಳಕ್ಕೆ ಬಾಣಲೆಯಲ್ಲಿ ಹುರಿದು ಆರಿಸಿದ ಅಕ್ಕಿ ಒಂದು ಬಟ್ಟೆ ಗಂಟಲ್ಲಿ ಇಡಿ. ಡಬ್ಬಿಯ ಒಳಗೆ ಪ್ಲಾಸ್ಟಿಕ್ ಬೇಡ.

ದೂರದವ್ರಿಗೆ ಪೋಸ್ಟಲ್ಲಿ ಕಳಿಸಿದೆ. ಒಂಬತ್ತು-ನಾಲ್ಕರ ಕವರಲ್ಲಿ ನಮ್ಮ ಪುಟ್ಟ ಕವರ್ ಮೂರು ಸಾಲಾಗಿ ಕೂರ್ತದೆ, ಎರಡು ಪದರ ಇಟ್ರೆ ಆರು. ಒಂದೊಂದರ ಕಾಗದ ಸುಮಾರು 1.3 ಗ್ರಾಂ, ಬೀಜ ಒಂದು ಗ್ರಾಂ, ಹೊರಗಿನ ಕವರ್ 5 ಗ್ರಾಂ ಹತ್ತಿರ, ಎಲ್ಲ ಸೇರಿ 19ರ ಒಳಗೆ. 20 ಗ್ರಾಂ ದಾಟಿದ್ರೆ ಸ್ಟಾಂಪು ಹೆಚ್ಚು ಬೇಕು, ಹಾಗಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಅಂಟಿಸಿದ್ದು. ಕುಂಬಳ, ಸೋರೆಯಂಥ ದೊಡ್ಡ ಬೀಜ ಇದ್ರಲ್ಲಿ ಹಾಕ್ಬೇಡಿ, ಅಂಚೆಯಲ್ಲಿ ಮೊಹರು ಗುದ್ದುವಾಗ ಒಡೀತದೆ. ಸ್ಟಾಂಪು ಅಂಟಿಸುವ ಬಲ ಮೂಲೆಯ ಕೆಳಗೆ ಬೀಜವೇ ಬಾರದ ಹಾಗೆ ಕವರುಗಳನ್ನು ಎಡಕ್ಕೆ ಸರಿಸಿ, ಉಳಿದ ಸಂದಿಗೆ ಸಣ್ಣ ರಟ್ಟು ಇಟ್ಟೆ. ವಿಳಾಸದಲ್ಲಿ ಪಿನ್ ಕೋಡ್ ದೊಡ್ಡದಾಗಿ ಸ್ಪಷ್ಟವಾಗಿ ಬರೀಬೇಕು, ನಮ್ಮಂಥ ಗಡಿಯವ್ರಿಗೆ ಅದು ಬಹಳ ಮುಖ್ಯ. ಊರಿನ ಹೆಸರು ಕನ್ನಡದಲ್ಲಿ ಬರೆದ್ರೂ ಮಲಯಾಳದಲ್ಲಿ ಬರೆದ್ರೂ ಆ ಆರು ಅಂಕೆ ಒಂದೇ. 1972ರ ಆಗಸ್ಟ್ 15ರಿಂದ ಬಂದ ಈ ಪದ್ಧತಿಯಲ್ಲಿ ಕರ್ನಾಟಕದ್ದು 5ರಿಂದ ಶುರು, ಕೇರಳದ್ದು 6ರಿಂದ. ವಿಟ್ಲದ ಅತ್ತೆಯ ಮನೆಗೆ ಇಲ್ಲಿಂದ ಬಸ್ಸಲ್ಲಿ ಹೋದ್ರೆ ಊಟದ ಹೊತ್ತಿಗೆ ಮುಟ್ತೇವೆ, ಅವ್ರ ಪಿನ್ 574ರದ್ದು, ನಮ್ಮದು 671.

ಅತ್ತೆಗೆ ಕಳಿಸಿದ್ದು ಐದನೇ ದಿನ ಮುಟ್ಟಿತು. ಫೋನಲ್ಲಿ ಮೊದಲು ಕೇಳಿದ್ದೇ ಹರಿವೆ ಹೊರಗೆ ಬಂದಿದೆಯಾ ಅಂತ. ಅವ್ರು ಹೊರಗಿನ ಕವರ್ ತಟ್ಟೆಯ ಮೇಲೆ ಕೊಡವಿ ನೋಡಿ ಹೇಳಿದ್ರು, "ಒಂದು ಕಾಳೂ ಇಲ್ಲ. ಕವರ್ ಬಿಸಾಡುದಿಲ್ಲ ನಾನು, ನಮ್ಮ ಬಸಳೆ ಬೀಜ ಇದ್ರಲ್ಲೇ ಹಾಕಿ ನಿಂಗೆ ವಾಪಸ್ ಕಳಿಸ್ತೇನೆ."

ಈಗ ಖಾಲಿ ಕವರ್ ಇಪ್ಪತ್ತಮೂರು ಉಳಿದಿದೆ. ಅಲಸಂಡೆಯ ಎರಡನೇ ಕೊಯ್ಲು ಬಳ್ಳಿಯಲ್ಲೇ ಒಣಗ್ತಾ ಉಂಟು, ಅದಕ್ಕೆ ಅಂತ ತೆಗೆದಿಟ್ಟಿದ್ದೇನೆ. ಕುಂಬಳ ಬೀಜಕ್ಕೆ ಅಗಲ 90 ಮಿ.ಮೀ. ಇರುವ ದೊಡ್ಡ ಅಚ್ಚು ಕೊರೀಬೇಕು, ಎಕ್ಸ್‌ರೇ ಫಿಲಂ ಇನ್ನೊಂದು ಉಂಟು.